ಅಟ್ಟದಲ್ಲಿ ಸಿಕ್ಕ ಕೇಪಿನ ಕೋವಿ: ಅರ್ಧಕ್ಕೆ ಎಳೆದ ಕುದುರೆ ನಿಲ್ಲುತ್ತಿಲ್ಲ

ಮೂಡಿಗೆರೆಯವನು:
ನಮಸ್ಕಾರ. ಹಳೇ ಮನೆಯ ಅಟ್ಟದಲ್ಲಿ ಕೇಪಿನ (ಕಿಡಿ ಕೊಡುವ ಪುಟ್ಟ ಲೋಹದ ಟೋಪಿ ಇಟ್ಟು ಹೊಡೆಯುವ) ಉದ್ದ ಕೋವಿಯೊಂದು ಸಿಕ್ಕಿದೆ. ನಳಿಗೆಗೆ ಮೂರು ಪಟ್ಟಿ. ಪಕ್ಕದ ತಗಡಿನ ಮೇಲೆ ಕಿರೀಟ, ‘ಟವರ್’ ಅನ್ನುವ ಅಕ್ಷರ, 1862 ಅಂತ ಇಸವಿ. ನಳಿಗೆಯ ಬಾಯಿಯಿಂದ ನೋಡಿದರೆ ಒಳಗೆ ಗೆರೆ ಇಲ್ಲ, ನುಣುಪಾಗಿದೆ. ಕುದುರೆಯನ್ನು (ಕೇಪಿಗೆ ಬಡಿಯುವ ಸುತ್ತಿಗೆಯಂಥ ಭಾಗ) ಅರ್ಧಕ್ಕೆ ಎಳೆದರೆ ನಿಲ್ಲುವುದಿಲ್ಲ, ಟ್ರಿಗರ್ ಮುಟ್ಟಿದರೆ ಬೀಳುತ್ತದೆ. ಕೇಪು ಕೂರಿಸುವ ನಿಪ್ಪಲ್ ತುಕ್ಕು ಹಿಡಿದು ಕಚ್ಚಿಕೊಂಡಿದೆ. ಗ್ಯಾಸ್ ಟಾರ್ಚಿನಲ್ಲಿ ಬಿಸಿ ಮಾಡಿ ಬಿಚ್ಚಬಹುದಾ? ಆಯುಧ ಪೂಜೆ ದಿನ ಒಂದು ಈಡು ಹೊಡೆಯುವ ಆಸೆ.

ತುಕ್ಕುಬಿಡಿಸುವವ:
ಟಾರ್ಚ್ ಕೆಳಗಿಡಿ ಮಾರಾಯ್ರೇ! ಒಳಗೆ ಈಡು, ಅಂದರೆ ತುಂಬಿಟ್ಟ ಮದ್ದು ಗುಂಡು, ಇದೆಯಾ ಇಲ್ವಾ ಅಂತ ಮೊದಲು ನೋಡಬೇಕು. ಕಪ್ಪು ಮದ್ದು ಒಣಗಿದ್ದರೆ ನೂರು ವರ್ಷ ಕಳೆದರೂ ಹತ್ತಿಕೊಳ್ಳುತ್ತದೆ. ಒಂದು ಮರದ ಕೋಲನ್ನು ಬಾಯಿಯಿಂದ ಮೆಲ್ಲಗೆ ಬಿಡಿ, ಕುಟ್ಟಬೇಡಿ. ಮುಖ, ಕೈ ಬಾಯಿಗೆ ಅಡ್ಡ ಬರಬಾರದು. ತಳ ಮುಟ್ಟಿದಾಗ ಬಾಯಿಯ ಅಂಚಿನಲ್ಲಿ ಗುರುತು ಹಾಕಿ, ಹೊರಗೆ ತೆಗೆದು ನಳಿಗೆಯ ಪಕ್ಕ ಹಿಡಿಯಿರಿ. ಕೋಲಿನ ತುದಿ ನಿಪ್ಪಲ್ ಹತ್ತಿರಕ್ಕೆ ಬರಬೇಕು. ಅದಕ್ಕಿಂತ ಮುಂದೆ, ಬಾಯಿಯ ಕಡೆಗೇ ನಿಂತರೆ ಒಳಗೆ ಏನೋ ಇದೆ.

ಕೋವಿ ನೋಡಿದರೆ ಬ್ರಿಟಿಷ್ ಸೇನೆಯ ಎನ್‌ಫೀಲ್ಡ್ ಮಾದರಿ. 1853ರ ಎನ್‌ಫೀಲ್ಡ್‌ಗೆ ಒಳಗೆ ಗೆರೆ (ಗುಂಡು ತಿರುಗುತ್ತಾ ನೇರ ಹೋಗಲು ಕೊರೆದ ಸುರುಳಿ ಗೀರು) ಇರುತ್ತಿತ್ತು. 1857ರ ದಂಗೆಯ ನಂತರ ದೇಶೀ ಸಿಪಾಯಿಗಳ ಕೈಗೆ ದೂರಕ್ಕೆ ಗುರಿ ಹೊಡೆಯುವ ಕೋವಿ ಬೇಡ ಅಂತ ಬ್ರಿಟಿಷರು ಗೆರೆ ಇಲ್ಲದ್ದನ್ನು ಕೊಟ್ಟರು. ನಿಮ್ಮದು ಆ ಜಾತಿಯದ್ದಿರಬಹುದು. ಆದರೆ ಟವರ್ (ಲಂಡನ್ ಟವರ್ ಶಸ್ತ್ರಾಗಾರ) ಗುರುತು ಹೊಡೆದ ನಕಲಿಗಳೂ ಬೇಕಾದಷ್ಟಿವೆ. ಆ ಗುರುತುಗಳ ಮೇಲೆ ಮಾತ್ರ ಎಮ್ರಿ ಪೇಪರ್ ಉಜ್ಜಬೇಡಿ. ಕೋವಿಯ ಬೆಲೆ ಇರುವುದೇ ಅಲ್ಲಿ.

ಮೂಡಿಗೆರೆಯವನು:
ಅಳೆದೆ ಸರ್. ಕೋಲು ನಿಪ್ಪಲ್‌ಗಿಂತ ನಾಲ್ಕು ಬೆರಳು ಮುಂದೆಯೇ ನಿಂತಿತು. ಕಣಜದ ಗೂಡು ಇರಬಹುದಾ?

ತುಕ್ಕುಬಿಡಿಸುವವ:
ಇರಬಹುದು. ಆದರೆ ಈಡು ಅಂತಲೇ ತಿಳಿದು ನಡೆಯಿರಿ. ಬಿಸಿ, ಡ್ರಿಲ್, ಸುತ್ತಿಗೆ, ಕೇಪು ಯಾವುದೂ ಬೇಡ. ಕುದುರೆ ಕೆಳಗೇ ಇರಲಿ. ಬಾಯಿ ಮನೆಯ ಕಡೆಗೆ, ಜನರ ಕಡೆಗೆ ಬೇಡ. ಈಡು ತೆಗೆಯುವುದು ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಕೆಲಸ. ಅವರು ಮದ್ದನ್ನು ನೆನೆಸಿ ತೆಗೆಯುತ್ತಾರೆ.

ಸಕಲೇಶಪುರ ಕಾಫಿ:
ಕಾನೂನಿನ ಮಾತೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಹಳೇ ಕಾಲದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ, ನಿಜ. ಆದರೆ ರಿಪೇರಿ ಮಾಡಿದರೂ ಹಾರಿಸಲಾಗದಂಥದ್ದಕ್ಕೆ ಮಾತ್ರ. ನೀವು ಕೇಳುತ್ತಿರುವುದೇ ಹಾರುವಂತೆ ಮಾಡುವುದನ್ನು! ಹಾಗಾಗಿ ಲೈಸೆನ್ಸ್ ಬೇಕು. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಇರುವ ವಿನಾಯಿತಿ ನಮ್ಮ ಹಾಸನ, ಚಿಕ್ಕಮಗಳೂರಿಗೆ ಇಲ್ಲ. ಕೋವಿಯನ್ನು ಜೀಪಿಗೆ ಹಾಕಿಕೊಂಡು ಹೊರಡಬೇಡಿ. ಮೊದಲು ಠಾಣೆಗೆ ಹೇಳಿ, ಅವರು ಹೇಳಿದಂತೆ ಸಾಗಿಸಿ. ಅಜ್ಜನ ಹೆಸರಿನ ಹಳೇ ಲೈಸೆನ್ಸ್ ಕಾಗದ ಇದ್ದರೆ ಹುಡುಕಿ, ಡಿಸಿ ಆಫೀಸಿನಲ್ಲಿ ಉಪಯೋಗಕ್ಕೆ ಬರುತ್ತದೆ.

ಮೂಡಿಗೆರೆಯವನು:
ಠಾಣೆಗೆ ಫೋನ್ ಮಾಡಿದೆ, ಬಂದು ನೋಡುತ್ತಾರಂತೆ. ಕುದುರೆ ಯಾಕೆ ನಿಲ್ಲುತ್ತಿಲ್ಲ ಅನ್ನುವುದು ಮಾತ್ರ ತಲೆ ಕೊರೆಯುತ್ತಿದೆ.

ತುಕ್ಕುಬಿಡಿಸುವವ:
ಕುದುರೆಯ ಹಿಂದೆ ತಗಡಿನ ಒಳಗೆ ಒಂದು ದುಂಡನೆಯ ತುಂಡಿದೆ. ಅದಕ್ಕೆ ಎರಡು ಕಚ್ಚು. ಅರ್ಧದ ಕಚ್ಚು ಆಳ, ಪೂರ್ತಿಯದ್ದು ಕಡಿಮೆ ಆಳ. ಅರ್ಧದಲ್ಲಿದ್ದಾಗ ಟ್ರಿಗರ್ ಎಷ್ಟು ಎಳೆದರೂ ಕುದುರೆ ಬೀಳಬಾರದು. ಬೀಳುತ್ತಿದ್ದರೆ ಕಾರಣ ಮೂರರಲ್ಲಿ ಒಂದು. ಕಚ್ಚಿಗೆ ಕೂರುವ ಕೊಕ್ಕೆ ಸವೆದಿದೆ, ಕಚ್ಚಿನ ಅಂಚು ಮುರಿದಿದೆ, ಇಲ್ಲವೇ ಹಳೇ ಎಣ್ಣೆ ಗಟ್ಟಿಯಾಗಿ ಕೊಕ್ಕೆ ಪೂರ್ತಿ ಕೂರುತ್ತಿಲ್ಲ. ಮೂರನೆಯದು ಜಾಸ್ತಿ ಕಾಣುತ್ತದೆ, ಸೀಮೆಎಣ್ಣೆ ಹಾಕಿ ತೊಳೆದರೆ ಸರಿಹೋಗುತ್ತದೆ. ಈಡು ತೆಗೆದ ಮೇಲೆಯೇ ಆ ತಗಡು ಬಿಚ್ಚಿಸಿ. ಒಳಗಿನ ದೊಡ್ಡ ಸ್ಪ್ರಿಂಗ್‌ಗೆ ಅದರದೇ ಕ್ಲ್ಯಾಂಪ್ ಬೇಕು, ಸ್ಕ್ರೂಡ್ರೈವರಿನಲ್ಲಿ ಮೀಟಿದರೆ ಮುರಿಯುತ್ತದೆ.

ಲೈಸೆನ್ಸ್ ಸಿಕ್ಕಿದರೂ ನಳಿಗೆ ಪರೀಕ್ಷೆ ಮಾಡಿಸದೆ ಈಡು ಹೊಡೆಯಬೇಡಿ. ತೋಟಾದೊಳಗಿನ ಹೊಗೆಯಿಲ್ಲದ ಮದ್ದನ್ನು ಇದಕ್ಕೆ ಹಾಕಿದರೆ ನಳಿಗೆ ಸಿಡಿಯುತ್ತದೆ. ಈ ವರ್ಷದ ಪೂಜೆಗೆ ಅರಿಶಿನ ಕುಂಕುಮ ಸಾಕು.