ಮಾರುತಿ 800: ಆಯಿಲ್ ಚೇಂಬರ್ ಸೋರುತ್ತಿದೆ, ಹೊಸದು ಎಲ್ಲಿ ಸಿಗಬಹುದು?

ಪ್ರಶ್ನೆ: ಹಾಳೆಟೊಪ್ಪಿ, ಶಿರಸಿ

ನಮ್ಮ ಮನೆಯಲ್ಲಿ 1998ರ ಮಾರುತಿ 800 ಇದೆ. ಕಾರ್ಬುರೇಟರ್ ಇರುವ ಗಾಡಿ. ಮುಖ್ಯ ರಸ್ತೆಯಿಂದ ಮನೆಯವರೆಗಿನ ಎರಡು ಕಿಲೋಮೀಟರ್ ಮಣ್ಣಿನ ಹಾದಿಯಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಚಕ್ರದ ಜಾಡು ಆಳವಾಗಿ ನಡುವಿನ ದಿಬ್ಬ ಎತ್ತರವಾಗಿ ಉಳಿಯುವುದರಿಂದ, ಗಾಡಿಯ ತಳ ಆಗಾಗ ಕಲ್ಲಿಗೆ ಉಜ್ಜುತ್ತದೆ. ಎರಡು ತಿಂಗಳಿಂದ ಆಯಿಲ್ ಸೋರುತ್ತಿದೆ. ರಾತ್ರಿ ಎಂಜಿನ್ನಿನ ಕೆಳಗೆ ಅಡಿಕೆ ಹಾಳೆಯೊಂದನ್ನು ಹಾಸಿಟ್ಟರೆ ಬೆಳಿಗ್ಗೆ ಅದರಲ್ಲಿ ಐದು ರೂಪಾಯಿ ನಾಣ್ಯದಷ್ಟು ಅಗಲದ ಎರಡು ಮೂರು ಕಲೆಗಳಿರುತ್ತವೆ. ಊರಿನ ಗ್ಯಾರೇಜಿನವರು ಬೋಲ್ಟುಗಳನ್ನು ಇನ್ನಷ್ಟು ಬಿಗಿದು ಕೊಟ್ಟರು. ಸೋರಿಕೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಈಗ ಆಯಿಲ್ ಚೇಂಬರನ್ನೇ (ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆಯನ್ನೇ) ಬದಲಿಸಬೇಕೆನ್ನುತ್ತಾರೆ, ಆದರೆ ಭಾಗವನ್ನು ನೀವೇ ತನ್ನಿ ಎನ್ನುತ್ತಾರೆ. ಹಳೆಯದಕ್ಕೆ ವೆಲ್ಡಿಂಗ್ ಮಾಡಿಸುವುದು ಸರಿಯೇ, ಹೊಸದೇ ಬೇಕೆಂದರೆ ಎಲ್ಲಿ ವಿಚಾರಿಸಬೇಕು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ಹತ್ತನೇ ನಂಬರ್ ಪಾನಾ, ಶಿವಮೊಗ್ಗ

ಚೇಂಬರ್ ತರುವ ಮೊದಲು ಸೋರುತ್ತಿರುವುದು ಚೇಂಬರೇ ಹೌದೇ ಎಂದು ಖಚಿತಪಡಿಸಿಕೊಳ್ಳಿ. ಎಂಜಿನ್ನಿನಲ್ಲಿ ಎಲ್ಲಿ ಸೋರಿದರೂ ಆಯಿಲ್ ಕೆಳಗಿಳಿದು, ಗಾಳಿಯ ಹೊಡೆತಕ್ಕೆ ಹಿಂದಕ್ಕೆ ಹರಡಿ, ಕಡೆಗೆ ತೊಟ್ಟಿಕ್ಕುವುದು ಚೇಂಬರಿನ ಅಂಚಿನಿಂದಲೇ ಆದ್ದರಿಂದ ತಪ್ಪೆಲ್ಲ ಅದರದ್ದೇ ಎಂಬಂತೆ ಕಾಣುತ್ತದೆ. ನಿಮ್ಮ ಗಾಡಿಯಲ್ಲಿ ಟ್ಯಾಪೆಟ್ ಕವರಿನ (ಎಂಜಿನ್ನಿನ ಮೇಲ್ಮುಚ್ಚಳದ) ಗ್ಯಾಸ್ಕೆಟ್, ಸ್ಪಾರ್ಕ್ ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್ ಬುಡದ ಓ-ರಿಂಗ್ (ರಬ್ಬರ್ ಬಳೆ), ಆಯಿಲ್ ಪ್ರೆಶರ್ ಸ್ವಿಚ್ಚು ಈ ಮೂರನ್ನೂ ನಾನು ಮೊದಲು ಅನುಮಾನಿಸುತ್ತೇನೆ. ಎಂಜಿನ್ನಿನ ಹೊರಮೈಯನ್ನು ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ತೊಳೆದು, ಚೆನ್ನಾಗಿ ಒರೆಸಿ ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನೇ ಕೀಲುಗಳ ಸುತ್ತ ಉದುರಿಸಿ ಹದಿನೈದು ಕಿಲೋಮೀಟರ್ ಓಡಿಸಿ ಬನ್ನಿ. ಪೌಡರ್ ಎಲ್ಲಿ ಮೊದಲು ಒದ್ದೆಯಾಗಿದೆಯೋ ಅಲ್ಲಿಂದ ಸೋರುತ್ತಿದೆ ಎಂದು ತಿಳಿಯಬಹುದು. ಹನಿ ಬೀಳುವುದು ಚೇಂಬರ್ ಮತ್ತು ಗೇರ್‌ಬಾಕ್ಸ್ ಸೇರುವ ಸಂದಿಯಿಂದ ಎಂದಾದರೆ ಅದು ಕ್ರ್ಯಾಂಕಿನ ಹಿಂದಿನ ಸೀಲ್ ಇರಬಹುದು. ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ, ಹೊಸ ಚೇಂಬರ್ ಹಾಕಿ ಪ್ರಯೋಜನವಿಲ್ಲ.

ಬೋಲ್ಟು ಬಿಗಿದ ಮೇಲೆ ಸೋರಿಕೆ ಹೆಚ್ಚಿದ್ದಕ್ಕೂ ಕಾರಣವಿದೆ. ಚೇಂಬರ್ ತೆಳು ಉಕ್ಕಿನ ತಗಡಿನದು. ಅದರ ಬೋಲ್ಟುಗಳು ಹತ್ತನೇ ನಂಬರ್ ಪಾನಾಕ್ಕೆ ಸಿಗುವ ಸಣ್ಣ ಬೋಲ್ಟುಗಳು. ಅವಕ್ಕೆ 10 ನ್ಯೂಟನ್-ಮೀಟರ್ ಆಸುಪಾಸಿನ ಬಿಗಿ ಸಾಕು, ಅಂದರೆ ಗಿಡ್ಡ ಪಾನಾ ಹಿಡಿದು ಮಣಿಕಟ್ಟಿನ ಬಲದಲ್ಲಷ್ಟೇ ತಿರುಗಿಸುವಷ್ಟು. ಉದ್ದ ಹಿಡಿಯ ರ್‍ಯಾಚೆಟ್ಟಿನಲ್ಲಿ ಬಿಗಿದರೆ ಪ್ರತಿ ತೂತಿನ ಸುತ್ತಲೂ ತಗಡು ಮೇಲಕ್ಕೆ ಬಟ್ಟಲಿನಂತೆ ಉಬ್ಬಿ, ಎರಡು ಬೋಲ್ಟುಗಳ ನಡುವಿನ ಅಂಚು ಎಂಜಿನ್ ಬ್ಲಾಕಿನಿಂದ ದೂರ ಸರಿಯುತ್ತದೆ. ಚೇಂಬರ್ ಬಿಚ್ಚಿದಾಗ ಅಂಚಿನ ಮೇಲೆ ಉಕ್ಕಿನ ಸ್ಕೇಲನ್ನು ನಿಲ್ಲಿಸಿ ನೋಡಿದರೆ ನಿಮಗೇ ಕಾಣುತ್ತದೆ. ತಗಡು ತುಕ್ಕು ಹಿಡಿದು ತೂತಾಗಿರದಿದ್ದರೆ, ಆ ಉಬ್ಬುಗಳನ್ನು ಮರದ ತುಂಡಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ಮಟ್ಟ ಮಾಡಿ ಹಳೆಯದನ್ನೇ ಹಾಕಬಹುದು.

ಉತ್ತರ: ಬಿಡಿಭಾಗ, ಬೆಂಗಳೂರು

ಮೇಲಿನವರು ಹೇಳಿದ್ದು ಸರಿ. ಆದರೂ ಮಲೆನಾಡಿನ ಗಾಡಿಯಾದ್ದರಿಂದ ತುಕ್ಕಿನ ಸಾಧ್ಯತೆಯನ್ನು ನಾನು ತಳ್ಳಿಹಾಕುವುದಿಲ್ಲ. ಹೊರಗಿನಿಂದ ಹಾಕಿಸಿದ ಕಬ್ಬಿಣದ ಗಾರ್ಡ್ ಇದ್ದರಂತೂ ಅದರ ಮತ್ತು ಚೇಂಬರಿನ ನಡುವೆ ಒದ್ದೆ ಮಣ್ಣು ತಿಂಗಳುಗಟ್ಟಲೆ ಕೂತಿರುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ; ತಗಡು ಎಲ್ಲೆಲ್ಲಿ ಪದರ ಪದರವಾಗಿ ಉದುರುತ್ತದೆಯೋ ಅಲ್ಲೆಲ್ಲ ಅದರ ಆಯುಷ್ಯ ಮುಗಿದಿದೆ.

ಮೊದಲು ಕಂಪನಿಯ ಅಧಿಕೃತ ಬಿಡಿಭಾಗಗಳ ಕೌಂಟರಿನಲ್ಲಿ ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಅಲ್ಲಿ ಮಾಲು ಇಲ್ಲದಿದ್ದರೂ ನಂಬರ್ ಕೈಯಲ್ಲಿದ್ದರೆ ಬೇರೆ ಅಂಗಡಿಯಲ್ಲಿ ಮೋಸ ಹೋಗುವ ಭಯ ಕಡಿಮೆ. ಬರಿಯ "ಮಾರುತಿ 800" ಎಂದರೆ ಸಾಲದು. ಕಾರ್ಬುರೇಟರ್ ಗಾಡಿಯೋ ಎಂಪಿಎಫ್‌ಐ (ಇಂಜೆಕ್ಟರಿನಿಂದ ಇಂಧನ ಚಿಮ್ಮಿಸುವ) ಗಾಡಿಯೋ ಎಂಬುದನ್ನೂ ಹೇಳಿ. ಬೆಂಗಳೂರಿಗೆ ಬರುವವರಿದ್ದರೆ ಜೆ.ಸಿ. ರಸ್ತೆಯಲ್ಲಿ ವಿಚಾರಿಸಬಹುದು. ಅಲ್ಲಿ ಒರಿಜಿನಲ್ಲೂ ಸಿಗುತ್ತದೆ, ಅರ್ಧ ಬೆಲೆಯ ಡೂಪ್ಲಿಕೇಟೂ ಸಿಗುತ್ತದೆ. ಡೂಪ್ಲಿಕೇಟಿನ ತಗಡು ತೆಳುವಾಗಿರುವುದಲ್ಲದೆ, ಡ್ರೈನ್ ಪ್ಲಗ್ ಕೂರುವ ನಟ್ಟಿನ ವೆಲ್ಡಿಂಗೇ ಹಲವು ಸಲ ಓರೆಯಾಗಿರುತ್ತದೆ. ಕೊಳ್ಳುವಾಗ ಪ್ಲಗ್ಗನ್ನು ಕೈಯಿಂದಲೇ ಕಡೆಯವರೆಗೆ ತಿರುಗಿಸಿ ನೋಡಿ, ಅಂಚನ್ನು ಅಂಗಡಿಯ ಗಾಜಿನ ಮೇಲೆ ಬೋರಲಾಗಿಟ್ಟು ಅಲ್ಲಾಡುತ್ತದೆಯೇ ಪರೀಕ್ಷಿಸಿ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ. ಗುಜರಿಯಲ್ಲಿ ಸಿಗುವ ಒರಿಜಿನಲ್ ಚೇಂಬರ್, ತುಕ್ಕಿಲ್ಲದಿದ್ದರೆ, ಹೊಸ ಡೂಪ್ಲಿಕೇಟಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ. ಜೊತೆಗೆ ಡ್ರೈನ್ ಪ್ಲಗ್ಗಿನ ವಾಷರ್, ಒಳಗಿನ ಸ್ಟ್ರೇನರಿನ (ಪಂಪಿಗೆ ಹೋಗುವ ಆಯಿಲನ್ನು ಸೋಸುವ ಜಾಲರಿಯ) ಓ-ರಿಂಗ್, ಆಯಿಲ್ ಫಿಲ್ಟರ್ ಇವನ್ನೂ ಒಮ್ಮೆಗೇ ತಂದುಬಿಡಿ.

ವೆಲ್ಡಿಂಗ್ ಬೇಡ. ಆಯಿಲ್ ಕುಡಿದ ತೆಳು ತಗಡಿಗೆ ಬೆಸುಗೆ ಸರಿಯಾಗಿ ಹತ್ತುವುದಿಲ್ಲ, ಶಾಖಕ್ಕೆ ಅಂಚು ತಿರುಚಿಕೊಳ್ಳುತ್ತದೆ.

ಉತ್ತರ: ಹತ್ತನೇ ನಂಬರ್ ಪಾನಾ, ಶಿವಮೊಗ್ಗ

ಕೂರಿಸುವಾಗ ಹೆಚ್ಚಿನವರು ಎಡವುವುದು ಸಂದಿ ಮುಚ್ಚುವ ಸಿಲಿಕಾನ್ ಅಂಟನ್ನು ಹಚ್ಚುವುದರಲ್ಲಿ. ಬ್ಲಾಕಿನ ಅಂಚಿನಲ್ಲಿ ಅಂಟಿರುವ ಹಳೆಯದನ್ನು ಪೂರ್ತಿ ಕೆರೆದು, ಥಿನ್ನರಿನಲ್ಲಿ ಒರೆಸಿ, ಬೋಲ್ಟಿನ ತೂತುಗಳಲ್ಲಿ ನಿಂತ ಆಯಿಲನ್ನೂ ತೆಗೆಯಬೇಕು. ನಂತರ ಚೇಂಬರಿನ ಅಂಚಿಗೆ, ತೂತುಗಳ ಒಳಮಗ್ಗುಲಿನಲ್ಲಿ, ಸುಮಾರು 3 ಮಿ.ಮೀ. ದಪ್ಪದ ಒಂದೇ ಎಳೆಯನ್ನು ಎಲ್ಲಿಯೂ ಕಡಿಯದಂತೆ ಎಳೆಯಬೇಕು. ಟ್ಯೂಬಿನಲ್ಲಿರುವುದನ್ನೆಲ್ಲ ಸುರಿದರೆ ಒಳಕ್ಕೆ ಹಿಂಡಿಕೊಂಡ ಸಿಲಿಕಾನ್ ಒಂದು ದಿನ ಕಳಚಿ ಸ್ಟ್ರೇನರಿನ ಜಾಲರಿಗೆ ಅಂಟುತ್ತದೆ. ಆಗ ಪಂಪಿಗೆ ಆಯಿಲ್ ಸಿಗದೆ ಬೇರಿಂಗುಗಳು ಹೋಗುತ್ತವೆ. ಬೋಲ್ಟುಗಳನ್ನು ನಡುವಿನಿಂದ ಆರಂಭಿಸಿ ಎರಡೂ ತುದಿಗಳತ್ತ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟ ಮೇಲೆಯೇ ಆಯಿಲ್ ಹಾಕಿ. ಸ್ಟಾರ್ಟ್ ಮಾಡಿದ ಕೆಲವೇ ಕ್ಷಣಗಳಲ್ಲಿ ಆಯಿಲಿನ ಕೆಂಪು ದೀಪ ಆರದಿದ್ದರೆ ತಕ್ಷಣ ಎಂಜಿನ್ ನಿಲ್ಲಿಸಿ. ಸ್ಟ್ರೇನರಿನ ಓ-ರಿಂಗ್ ಸರಿಯಾಗಿ ಕೂರದೆ ಪಂಪು ಗಾಳಿ ಎಳೆಯುತ್ತಿರಬಹುದು.

ಮರಳಿ: ಹಾಳೆಟೊಪ್ಪಿ, ಶಿರಸಿ

ಪೌಡರ್ ಹಾಕಿ ನೋಡಿದೆವು. ಸೋರಿಕೆ ಎರಡು ಕಡೆಯದಾಗಿತ್ತು: ಡಿಸ್ಟ್ರಿಬ್ಯೂಟರಿನ ಓ-ರಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಚೇಂಬರಿನ ಅಂಚಂತೂ ತೂತು ತೂತಿಗೂ ಉಬ್ಬಿತ್ತು. ತಳವನ್ನು ತಟ್ಟಿದಾಗ ಡ್ರೈನ್ ಪ್ಲಗ್ಗಿನ ಪಕ್ಕದಲ್ಲಿ ತುಕ್ಕಿನ ಹಪ್ಪಳವೊಂದು ಕೈಗೇ ಬಂದಿದ್ದರಿಂದ ಹಳೆಯದನ್ನು ಮಟ್ಟ ಮಾಡುವ ಯೋಚನೆ ಕೈಬಿಟ್ಟೆ. ಬೆಂಗಳೂರಿನಲ್ಲಿರುವ ತಮ್ಮ ಒರಿಜಿನಲ್ ಚೇಂಬರನ್ನು ಹುಡುಕಿ ರಾತ್ರಿ ಬಸ್ಸಿಗೆ ಹಾಕಿ ಕಳುಹಿಸಿದ. ಬಿಚ್ಚಿದಾಗ ಸ್ಟ್ರೇನರಿನ ಜಾಲರಿಯಲ್ಲಿ ಹಿಂದೆ ಯಾರೋ ಹಾಕಿದ್ದ ಸಿಲಿಕಾನಿನ ಉಗುರಗಲದ ಮೂರು ಚೂರುಗಳು ಸಿಕ್ಕವು. ಕಳೆದ ಒಂಬತ್ತು ದಿನಗಳಿಂದ ಹಾಳೆ ಒಣಗಿಯೇ ಇದೆ.