ಮೆಣಸಿನಕಾಯಿ ಅಂಗಡಿಯ ವೆಬ್‌ಸೈಟ್‌ಗೆ ಏನು ಬರೆದರೆ ಜನ ಕೊಳ್ಳುತ್ತಾರೆ?

ಬ್ಯಾಡಗಿ ಹುಡುಗ:
ಎಲ್ಲರಿಗೂ ನಮಸ್ಕಾರ. ಬ್ಯಾಡಗಿಯಲ್ಲಿ ಅಪ್ಪನದು ಒಣ ಮೆಣಸಿನಕಾಯಿ ವ್ಯಾಪಾರ. ಮನೆಬಳಕೆಗೆ ಒಂದು ಕಿಲೋ, ಎರಡು ಕಿಲೋ ಪ್ಯಾಕ್ ಮಾಡಿ ಕೊರಿಯರ್‌ನಲ್ಲಿ ಕಳಿಸೋಣ ಅಂತ ವೆಬ್‌ಸೈಟ್ ಮಾಡಿದೆ. ಮೂರು ತಿಂಗಳಾಯ್ತು. ಜನ ಬಂದು ನೋಡಿ ಹೋಗುತ್ತಾರೆ, ಆರ್ಡರ್ ಮಾತ್ರ ಇಲ್ಲ. ಮೊದಲ ಪುಟದಲ್ಲಿ ಹೀಗಿದೆ: "ಗ್ರಾಹಕರ ಸಂತೃಪ್ತಿಯೇ ನಮ್ಮ ಧ್ಯೇಯ. ಅತ್ಯುತ್ತಮ ಗುಣಮಟ್ಟದ ಮೆಣಸಿನಕಾಯಿಯನ್ನು ಯೋಗ್ಯ ದರದಲ್ಲಿ ಒದಗಿಸಲು ನಾವು ಸದಾ ಬದ್ಧರು." ರೇಟಿನ ಪಟ್ಟಿಯನ್ನು ಫೋಟೋ ಮಾಡಿ ಹಾಕಿದ್ದೇನೆ. ಇನ್ನೇನು ಬರೆಯಬೇಕು?

ಧಾರವಾಡದ ಅಕ್ಕ:
ತಮ್ಮಾ, ಈ ಎರಡು ಸಾಲನ್ನು ಸೀರೆ ಅಂಗಡಿಗೂ ಹಾಕಬಹುದು, ಸಿಮೆಂಟ್ ಅಂಗಡಿಗೂ ಹಾಕಬಹುದು, ಅಲ್ವಾ? ಅದನ್ನು ತೆಗೆದುಬಿಡು. ಫೋನ್ ಮಾಡಿದವರು ಅಪ್ಪನ ಹತ್ತಿರ ಏನೇನು ಕೇಳುತ್ತಾರೆ ಅಂತ ಒಂದು ವಾರ ಪಕ್ಕದಲ್ಲಿ ಕೂತು ಬರೆದುಕೋ. ದಪ್ಪನೆಯ ಡಬ್ಬಿ ಕಾಯಿನಾ, ಉದ್ದ ತೆಳುವಾದ ಕಡ್ಡಿ ಕಾಯಿನಾ? ಈ ವರ್ಷದ ಹೊಸ ಮಾಲಾ, ಕೋಲ್ಡ್ ಸ್ಟೋರೇಜ್‌ದಾ? ಖಾರ ಜಾಸ್ತಿನಾ? ಇವಕ್ಕೆ ಉತ್ತರ ಮೊದಲ ಪುಟದಲ್ಲೇ ಇರಬೇಕು, ಅದೂ ಮೇಲೇ, ಯಾಕಂದ್ರೆ ಮೊಬೈಲ್‌ನಲ್ಲಿ ಯಾರೂ ಅಕ್ಷರ ಅಕ್ಷರ ಓದುವುದಿಲ್ಲ, ಕಣ್ಣಾಡಿಸಿ ಬೇಕಾದ್ದು ಸಿಗದಿದ್ದರೆ ಮುಂದೆ ಹೋಗುತ್ತಾರೆ. ಗುಂಟೂರು ಕಾಯಿಯಷ್ಟು ಖಾರ ಇಲ್ಲ, ಆದರೆ ಬಣ್ಣ ಕಡುಗೆಂಪು, ಸಿಪ್ಪೆ ಸುಕ್ಕುಸುಕ್ಕು ಅಂತ ನೇರ ಬರೆ. 2011ರಲ್ಲಿ ಬ್ಯಾಡಗಿ ಕಾಯಿಗೆ ಜಿಐ ಟ್ಯಾಗ್ (ಊರಿನ ಹೆಸರಿನ ಭೌಗೋಳಿಕ ಗುರುತು) ಬಂದಿದ್ದನ್ನೂ ಒಂದು ಸಾಲಲ್ಲಿ ಹೇಳು, ಅದು ಕೆಳಗಿದ್ದರೂ ನಡೆಯುತ್ತದೆ.

ಬೆಟಗೇರಿ ನೇಕಾರ:
ಫೋಟೋದೊಳಗಿನ ರೇಟು ಹುಡುಕಿದವರಿಗೆ ಸರಿಯಾಗಿ ಸಿಗುವುದಿಲ್ಲ, ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸ್ಕ್ರೀನ್ ರೀಡರ್‌ಗೂ ಕಷ್ಟ. ಅಕ್ಷರದಲ್ಲೇ ಟೈಪ್ ಮಾಡಿ, ಎಲ್ಲ ಫೋನಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲೇ ಮಾಡಿ. ನಮ್ಮ ಸೀರೆಗಳ ವಿವರವನ್ನು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿ ಬರೆದು ಅಂಟಿಸಿದ್ದೆವು. ನಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಗಿರಾಕಿಗಳ ಫೋನಿನಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ರಾಶಿ, ಒಬ್ಬರು ಸ್ಕ್ರೀನ್‌ಶಾಟ್ ಕಳಿಸಿದ ಮೇಲೆ ಗೊತ್ತಾಯ್ತು. ಪುಟದ ಶೀರ್ಷಿಕೆಯೂ "ಮುಖಪುಟ" ಅಂತ ಬೇಡ, "ಬ್ಯಾಡಗಿ ಕಡ್ಡಿ ಮೆಣಸಿನಕಾಯಿ, ಒಂದು ಕಿಲೋ ಪ್ಯಾಕ್" ಅಂತ ಇರಲಿ.

ಹುಬ್ಬಳ್ಳಿ ಬರಹ:
ಇನ್ನೊಂದು ಮಾತು. ಕಾಯಿ ಗಿಡಕ್ಕೆ ಅಂಟಿರುವ ಭಾಗಕ್ಕೆ ನೀವು "ತುಂಬು" ಅಂತೀರಿ, ಬೆಂಗಳೂರಿನವರು "ತೊಟ್ಟು" ಅಂತಾರೆ. ಕೊಳ್ಳುವವರು ಅವರಾದರೆ ಅವರ ಮಾತನ್ನೇ ಹಾಕಿ. ಊರಿನ ಹೆಸರನ್ನೂ ಕೆಲವರು ಬ್ಯಾಡಿಗೆ ಅಂತ ಟೈಪ್ ಮಾಡುತ್ತಾರೆ, ಅದನ್ನೂ ಎಲ್ಲಾದರೂ ಒಮ್ಮೆ ಬರೆಯಿರಿ. ಅದಕ್ಕಿಂತ ಜಾಸ್ತಿ ಬೇಡ, ಸುಮ್ನೆ ಸಾಲಿಗೊಮ್ಮೆ ತುರುಕಿದರೆ ಓದುವವರಿಗೆ ಬೇಸರ.

ಬ್ಯಾಡಗಿ ಹುಡುಗ:
ಎಲ್ಲರಿಗೂ ಧನ್ಯವಾದ. ಅಪ್ಪನನ್ನು ಕೇಳಿ ಹೀಗೆ ಬರೆದೆ: "ಬ್ಯಾಡಗಿ ಕಡ್ಡಿ ಮೆಣಸಿನಕಾಯಿ. ಉದ್ದ, ತೆಳು, ಸುಕ್ಕು ಸಿಪ್ಪೆ. ಸಾರಿಗೆ ಒಳ್ಳೆಯ ಕೆಂಪು ಬಣ್ಣ, ಖಾರ ಕಡಿಮೆ. ಈ ವರ್ಷದ ಮಾಲು, ತೊಟ್ಟು ತೆಗೆದದ್ದು. ಬೇಗ ಕಳಿಸುತ್ತೇವೆ."

ಧಾರವಾಡದ ಅಕ್ಕ:
ಈಗ ಓದಿದರೆ ಕಾಯಿ ಕಣ್ಣಿಗೆ ಕಾಣುತ್ತದೆ. "ಬೇಗ" ತೆಗೆದು ಎಷ್ಟು ದಿನ ಅಂತ ಬರೆ, ಪಕ್ಕದಲ್ಲೇ ಒಂದು ಕಿಲೋಗೆ ಎಷ್ಟು, ಕೊರಿಯರ್ ಎಷ್ಟು ಅಂತ ಹಾಕು. ನಾನೇ ಎರಡು ಕಿಲೋ ತಗೋತೀನಿ.