ಗುಡ್ಡ ಜಾರುವುದನ್ನು ರಾಡಾರ್ ಚಿತ್ರದಲ್ಲಿ ನೋಡಿದವರು ಯಾರಾದರೂ ಇದ್ದೀರಾ?

ಕೇಳಿದವರು, ಕಲಬುರಗಿ:
ಎಂಎಸ್ಸಿ ಭೂವಿಜ್ಞಾನ, ಕೊನೆಯ ವರ್ಷ. ಕೊಡಗಿನ ಒಂದು ಕಾಫಿ ತೋಟದ ಇಳಿಜಾರು ಮೆಲ್ಲಗೆ ಜಾರುತ್ತಿದೆಯಾ ಅಂತ ಯುರೋಪಿನ ರಾಡಾರ್ ಉಪಗ್ರಹ ಸೆಂಟಿನೆಲ್-1ರ ಚಿತ್ರಗಳಿಂದ ನೋಡಬೇಕು. ಲ್ಯಾಪ್‌ಟಾಪ್ 8 ಜಿಬಿ. ಆ ಚಿತ್ರಗಳನ್ನು ಸಂಸ್ಕರಿಸುವ ಸ್ನ್ಯಾಪ್ ತಂತ್ರಾಂಶ ಹಾಕಿದರೆ ನಿಂತೇಬಿಡುತ್ತದೆ. ಹೇಗೋ ಬೇರೆ ಬೇರೆ ದಿನದ ಎರಡು ಚಿತ್ರ ಹೋಲಿಸಿ ಒಂದು ಜೋಡಿ ಆಯಿತು, ಅದರಲ್ಲಿ ಬರೀ ಬಣ್ಣದ ಚುಕ್ಕೆ, ಉಪ್ಪು-ಖಾರ ಕಲಸಿದ ಹಾಗೆ. ಎಲ್ಲಿ ತಪ್ಪಿದೆ?

ಯಾದಗಿರಿಯಿಂದ:
ತಪ್ಪು ನಿಂದಲ್ಲ ತಮ್ಮಾ, ಗಿಡಗಳದ್ದು. ಸೆಂಟಿನೆಲ್-1ರ ಅಲೆ ಸುಮಾರು 5.6 ಸೆಂ.ಮೀ. ಉದ್ದ. ಎಲೆ, ರೆಂಬೆಗೇ ತಾಗಿ ವಾಪಸ್ ಬರುತ್ತದೆ. ಉಪಗ್ರಹ 12 ದಿನ ಬಿಟ್ಟು ಮತ್ತೆ ಬರುವಷ್ಟರಲ್ಲಿ ಎಲೆಯೆಲ್ಲಾ ಅಲ್ಲಾಡಿ, ಬೆಳೆದು ಬೇರೆಯೇ ಆಗಿರುತ್ತದೆ. ಎರಡು ಚಿತ್ರಕ್ಕೆ ಹೊಂದಿಕೆ ತಪ್ಪಿತು ಅಂದರೆ ಚುಕ್ಕೆ ಬಿಟ್ಟು ಬೇರೇನೂ ಸಿಗುವುದಿಲ್ಲ. ಮನೆ ಚಾವಣಿ, ರಸ್ತೆ, ಬೋಳು ಬಂಡೆ, ಇಂಥ ಕಡೆ ಮಾತ್ರ ನಂಬು.

ನನ್ನದೊಂದು ಎಡವಟ್ಟು ಕೇಳು. ಕಲಿಯೋಣ ಅಂತ ಮೊದಲು ನಮ್ಮ ಯಾದಗಿರಿ ಕೋಟೆ ಗುಡ್ಡವನ್ನೇ ಹಿಡಿದೆ. ರಾಡಾರ್ ಹೇಳುವುದು ಒಂದು ಜಾಗಕ್ಕೆ ಹೋಲಿಸಿದರೆ ಇನ್ನೊಂದು ಎಷ್ಟು ಸರಿಯಿತು ಅಂತ, ಅಷ್ಟೇ. ಅದಕ್ಕೆ ಅಲುಗದ ಜಾಗ ಒಂದು ಬೇಕು. ಊರ ಹೊರಗಿನ ತಗಡಿನ ಗೋದಾಮು ಚಿತ್ರದಲ್ಲಿ ಹೊಳೆಯುತ್ತಿತ್ತು, ಅದನ್ನೇ ಇಟ್ಟುಕೊಂಡೆ. ಗ್ರಾಫ್ ನೋಡಿದರೆ ಗಟ್ಟಿ ಕಲ್ಲಿನ ಗುಡ್ಡ ಮಳೆಗಾಲ ಬಂದಾಗೆಲ್ಲಾ ಕುಸಿಯುತ್ತದೆ, ಬೇಸಿಗೆಯಲ್ಲಿ ಮತ್ತೆ ಏಳುತ್ತದೆ! ಎರಡು ದಿನ ಕುಣಿದಾಡಿದೆ. ಆಮೇಲೆ ಆ ಕಡೆ ಹೊಲಕ್ಕೆ ಹೋದಾಗ ಹೊಳೆಯಿತು. ಗೋದಾಮು ಕೂತಿದ್ದು ಎರೆಮಣ್ಣಿನ ಮೇಲೆ. ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರುಕು ಬಿಡುವ ಮಣ್ಣು, ನೀರು ಕುಡಿದರೆ ಉಬ್ಬುತ್ತದೆ. ಏರಿಳಿದದ್ದು ಗೋದಾಮು, ಹೆಸರು ಕೆಟ್ಟದ್ದು ಗುಡ್ಡದ್ದು. ಬಂಡೆ ಮೇಲೆ ಬಿಂದು ಇಟ್ಟ ಮೇಲೆ ಗೆರೆ ತಣ್ಣಗೆ ಮಲಗಿತು.

ಕಲಬುರಗಿಯಿಂದ ಇನ್ನೊಬ್ಬರು:
8 ಜಿಬಿ ಇಟ್ಟುಕೊಂಡು ಸ್ನ್ಯಾಪ್ ಜೊತೆ ಸುಮ್ನೆ ಗುದ್ದಾಡಬೇಡಿ. ನಾಸಾದ ಅರ್ತ್‌ಡೇಟಾದಲ್ಲಿ ಉಚಿತ ಖಾತೆ ತೆರೆಯಿರಿ. ಅಲಾಸ್ಕಾ ಸ್ಯಾಟಲೈಟ್ ಫೆಸಿಲಿಟಿಯ ಹೈಪ್3 ಅನ್ನೋ ಆನ್‌ಲೈನ್ ಸೇವೆಗೆ ಜೋಡಿ ಕೊಟ್ಟರೆ ಅವರ ಕಂಪ್ಯೂಟರಿನಲ್ಲೇ ಇಂಟರ್‌ಫೆರೊಗ್ರಾಂ, ಅಂದರೆ ಎರಡು ಚಿತ್ರದ ವ್ಯತ್ಯಾಸ ತೋರಿಸುವ ಬಣ್ಣದ ನಕ್ಷೆ, ಆಗಿ ಬರುತ್ತದೆ. ಅವನ್ನೆಲ್ಲಾ ಮಿಂಟ್‌ಪೈಗೆ ಹಾಕಿ, ಕಾಲಕ್ರಮದಲ್ಲಿ ನೆಲ ಎಷ್ಟು ಸರಿಯಿತು ಅಂತ ಲೆಕ್ಕ ಹಾಕುವ ತಂತ್ರಾಂಶ ಅದು. ಪಿಕ್ಸೆಲ್ ಮಾತ್ರ ಸಾಮಾನ್ಯವಾಗಿ 40 ಇಲ್ಲವೇ 80 ಮೀಟರ್, ಸಣ್ಣ ಇಳಿಜಾರಾದರೆ ನಾಲ್ಕೈದು ಚೌಕಕ್ಕೆ ಮುಗಿಯಿತು. ಒಂದೇ ಜೋಡಿ ನೋಡಿ ತೀರ್ಮಾನಕ್ಕೆ ಬರಬೇಡಿ. ಬಣ್ಣ ಒಂದು ಸುತ್ತು ತಿರುಗಿದರೆ ನೆಲ 2.8 ಸೆಂ.ಮೀ. ಸರಿದ ಲೆಕ್ಕ ಅಲ್ವಾ, ಅಷ್ಟು ವ್ಯತ್ಯಾಸ ಗಾಳಿಯ ತೇವದಿಂದಲೇ ಬರುತ್ತದೆ. ಎರಡು ವರ್ಷದ್ದಾದರೂ ಸಾಲಾಗಿ ಹಾಕಿ.

ಬೀದರ್‌ನಿಂದ:
ಇಳಿಜಾರು ಯಾವ ದಿಕ್ಕಿಗಿದೆ ನೋಡಿದಿರಾ? ಉಪಗ್ರಹ ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿ ಹಾಯುತ್ತಾ ಪಕ್ಕಕ್ಕೆ ನೋಡುತ್ತದೆ. ಪೂರ್ವಕ್ಕೋ ಪಶ್ಚಿಮಕ್ಕೋ ಜಾರಿದರೆ ಸಿಗುತ್ತದೆ, ಉತ್ತರಕ್ಕೆ ಜಾರಿದರೆ ಬಹುಪಾಲು ತಪ್ಪಿಸಿಕೊಳ್ಳುತ್ತದೆ. ನಮ್ಮ ಕಡೆ ಕೆಂಪು ಜಂಬಿಟ್ಟಿಗೆಯ ಅಂಚು ಗೋಡೆ ಹಾಗೆ ಕಡಿದು ನಿಂತಿದೆ. ರಾಡಾರ್‌ನಲ್ಲಿ ಅದು ಒಂದೋ ನೆರಳು, ಇಲ್ಲವೇ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ. ಕೊನೆಗೆ ಅಲ್ಲಿನ ಒಂದು ಬಿರುಕಿನ ಎರಡೂ ಬದಿಗೆ ಸೇರಿಸಿ ಗಾಜಿನ ಪಟ್ಟಿ ಸಿಮೆಂಟಿನಲ್ಲಿ ಕೂರಿಸಿ, ಪಕ್ಕದಲ್ಲೇ ತಾರೀಖು ಬರೆದೆವು. ಎರಡು ಮಳೆಗಾಲ ಏನೂ ಆಗಲಿಲ್ಲ. ಮೂರನೆಯದಕ್ಕೆ ಕೂದಲೆಳೆಯಷ್ಟು ಸೀಳು. ಖರ್ಚು ಹೆಚ್ಚೇನಿಲ್ಲ, ನೀವೂ ಒಮ್ಮೆ ಹೋಗಿ ಇಟ್ಟು ಬನ್ನಿ.

ಕೇಳಿದವರು:
ವಯನಾಡಿನಂಥದ್ದು ಇದರಿಂದ ಮೊದಲೇ ಗೊತ್ತಾಗುತ್ತದೆ ಅಂತ ಮುನ್ನುಡಿಯಲ್ಲಿ ಬರೆಯಬಹುದಾ?

ಯಾದಗಿರಿಯಿಂದ:
ಬೇಡವೇ ಬೇಡ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲಕ್ಕೆ ನುಗ್ಗಿದ್ದು ಕೆಸರು-ಬಂಡೆಯ ಹೊಳೆ. ನಿಮಿಷಗಳಲ್ಲಿ ಮುಗಿದುಹೋಗುವಂಥದ್ದು, 12 ದಿನಕ್ಕೊಮ್ಮೆ ಬರುವ ಉಪಗ್ರಹ ಏನು ಮಾಡೀತು? ವರ್ಷಕ್ಕೆ ಕೆಲವು ಮಿ.ಮೀ., ಕೆಲವು ಸೆಂ.ಮೀ. ತೆವಳುವ ಗುಡ್ಡಕ್ಕೆ ಈ ವಿದ್ಯೆ. ಅಂದಹಾಗೆ ಅದಾಗಿ ಸರಿಯಾಗಿ ಒಂದು ವರ್ಷಕ್ಕೆ, 2025ರ ಜುಲೈ 30ರಂದು, ಶ್ರೀಹರಿಕೋಟಾದಿಂದ ನಾಸಾ-ಇಸ್ರೋ ಸೇರಿ ಮಾಡಿದ ರಾಡಾರ್ ಉಪಗ್ರಹ ನಿಸಾರ್ ಹೋಯಿತು. ಅದರ ಎಲ್-ಬ್ಯಾಂಡ್ ಅಲೆ ಸುಮಾರು 24 ಸೆಂ.ಮೀ., ಎಲೆ ದಾಟಿ ಒಳಗಿಳಿಯುತ್ತದೆ. ಕಾಫಿ ತೋಟಕ್ಕೆ ಅದೇ ವಾಸಿ.

ಕೇಳಿದವರು:
ಸರಿ ಅಣ್ಣಾ. ಅಲುಗದ ಜಾಗ ಅಂತ ನಾನು ಗುರುತು ಹಾಕಿಟ್ಟಿದ್ದು ಕಾಫಿ ಒಣಗಿಸುವ ಸಿಮೆಂಟ್ ಕಣ. ಈಗ ನಕ್ಷೆ ತೆಗೆದು ನೋಡಿದೆ. ಅದಿರುವುದೂ ಅದೇ ಇಳಿಜಾರಿನ ಮೇಲೆ.